ತರಗತಿಗೆ ಯಾವುದು, ಅಚ್ಚಿಗೆ ಯಾವುದು, ಯೂಟ್ಯೂಬಿಗೆ ಯಾವುದು: ಶಾಲೆ ಮತ್ತು ಗ್ರಂಥಾಲಯಗಳಿಗೆ ಮುಕ್ತ ಪರವಾನಗಿಗಳ ಹೋಲಿಕೆ

ಒಂದು ಪ್ರೌಢಶಾಲೆಯ ಪರಿಸರ ಸಂಘವೂ ಅದೇ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವೂ, ಅಂದರೆ ಈಗಿನ ಅರಿವು ಕೇಂದ್ರವೂ, ಸೇರಿಕೊಂಡು ಊರಿನ ಹಕ್ಕಿಗಳ ಬಗ್ಗೆ 32 ಪುಟಗಳ ಕಿರುಹೊತ್ತಗೆಯೊಂದನ್ನು ತರಲು ಹೊರಟಿವೆ ಎಂದು ಇಟ್ಟುಕೊಳ್ಳೋಣ. ರಾಜ್ಯಪಕ್ಷಿ ನೀಲಕಂಠದ ಚಿತ್ರ ಬೇಕು, ಕೋಗಿಲೆಯ ಕೂಗು ಬೇಕು, ಇಂಗ್ಲಿಷಿನಲ್ಲಿರುವ ವಿವರಗಳು ಕನ್ನಡಕ್ಕೆ ಬರಬೇಕು, ಕೊನೆಗೆ ಎಲ್ಲವನ್ನೂ ಜೋಡಿಸಿ ಐದು ನಿಮಿಷದ ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸಬೇಕೆಂಬ ಆಸೆಯೂ ಮಕ್ಕಳಿಗಿದೆ. ಇಂಥ ಕೆಲಸಕ್ಕೆ ಕೈಹಾಕಿದವರು ಮೊದಲು ಕೇಳುವುದು ‘ಇದು ಫ್ರೀಯಾಗಿ ಸಿಗುತ್ತದೆಯೇ’ ಎಂದು. ಕಾಸು ಕೊಡದೆ ನೋಡಲು ಸಿಗುವ ಎಷ್ಟೋ ಚಿತ್ರಗಳನ್ನು ಅಚ್ಚು ಹಾಕಲು ಅನುಮತಿ ಇರುವುದಿಲ್ಲವಾದ್ದರಿಂದ ಆ ಪ್ರಶ್ನೆಯ ಉತ್ತರ ನಮ್ಮನ್ನು ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಇದನ್ನು ತೆಗೆದುಕೊಂಡು ನಾವು ಏನು ಮಾಡಲಿದ್ದೇವೆ, ತರಗತಿಯಲ್ಲಿ ತೋರಿಸುತ್ತೇವೆಯೋ, ಅಚ್ಚು ಹಾಕಿ ಹಂಚುತ್ತೇವೆಯೋ, ಅನುವಾದಿಸುತ್ತೇವೆಯೋ, ಅಂತರ್ಜಾಲಕ್ಕೆ ಏರಿಸುತ್ತೇವೆಯೋ ಎಂದು ಮೊದಲು ನಮ್ಮನ್ನೇ ಕೇಳಿಕೊಂಡರೆ ಆಯ್ಕೆ ಎಷ್ಟೋ ಸುಲಭವಾಗುತ್ತದೆ.

ತರಗತಿಯ ಒಳಗೆ ಕಾನೂನೇ ಕೊಟ್ಟಿರುವ ಅವಕಾಶ

ತರಗತಿಯೊಳಗಿನ ಬಳಕೆಗೆ ಮುಕ್ತ ಪರವಾನಗಿಯನ್ನು, ಅಂದರೆ ಕೆಲವು ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದೆಂದು ಹಕ್ಕುದಾರರು ಮೊದಲೇ ಕೊಟ್ಟಿರುವ ಅನುಮತಿಯನ್ನು, ಹುಡುಕಿಕೊಂಡು ಹೋಗುವ ಅಗತ್ಯ ಬಹುಮಟ್ಟಿಗೆ ಇಲ್ಲವೆಂಬುದು ಅನೇಕ ಶಿಕ್ಷಕರಿಗೆ ಗೊತ್ತಿರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಕೃತಿಯೊಂದನ್ನು ನಕಲು ಮಾಡಿದರೆ ಅದು ಉಲ್ಲಂಘನೆಯಾಗುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಸೇರಿಸುವುದಕ್ಕೂ ಉತ್ತರದಲ್ಲಿ ಬಳಸುವುದಕ್ಕೂ ಅದೇ ಕಲಮು ರಕ್ಷಣೆ ಕೊಡುತ್ತದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಮಕ್ಕಳೂ ಸಿಬ್ಬಂದಿಯೂ ಹಾಡುವುದಕ್ಕೆ, ನಾಟಕವಾಡುವುದಕ್ಕೆ ಕೂಡ ಅವಕಾಶವಿದೆ, ಆದರೆ ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಆ ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ಕಲಮನ್ನು ಉದಾರವಾಗಿಯೇ ಅರ್ಥೈಸಿತು. ಬೋಧನೆಗೆ ಅಗತ್ಯವಿದ್ದಷ್ಟು ಭಾಗಗಳನ್ನು ಒಟ್ಟುಗೂಡಿಸಿ ವಿದ್ಯಾರ್ಥಿಗಳಿಗೆ ಪ್ರತಿ ಮಾಡಿಕೊಡುವುದಕ್ಕೂ ಅದು ಅನ್ವಯಿಸುತ್ತದೆ ಎಂಬುದು ಆ ತೀರ್ಪಿನ ತಿರುಳು.

ಆದ್ದರಿಂದ ಎಂಟನೆಯ ತರಗತಿಯ ಪ್ರೊಜೆಕ್ಟರಿನಲ್ಲಿ ಒಂದು ಹಕ್ಕಿಯ ಚಿತ್ರವನ್ನು ತೋರಿಸಲು ಶಿಕ್ಷಕರು ಅಂಜಬೇಕಿಲ್ಲ. ತೊಡಕು ಶುರುವಾಗುವುದು ಅದೇ ಚಿತ್ರ ಶಾಲೆಯ ಗೇಟು ದಾಟಿದಾಗ. ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದಾಗ, ಪಂಚಾಯಿತಿಯ ಸಭಾಂಗಣದಲ್ಲಿ ಪ್ರದರ್ಶನಕ್ಕೆ ನಿಂತಾಗ, ಯೂಟ್ಯೂಬಿಗೆ ಏರಿದಾಗ 52ನೇ ಕಲಮಿನ ಕೊಡೆ ನಮ್ಮ ತಲೆಯ ಮೇಲಿರುವುದು ಅನುಮಾನ. ಮುಕ್ತ ಪರವಾನಗಿ ಬೇಕಾಗುವುದು ಅಲ್ಲಿ.

ಪರವಾನಗಿಗಳಲ್ಲಿ ಯಾವುದು ಯಾವ ಕೆಲಸಕ್ಕೆ

ಶಾಲೆ ಮತ್ತು ಗ್ರಂಥಾಲಯಗಳಿಗೆ ಹೆಚ್ಚಾಗಿ ಎದುರಾಗುವುದು ಕ್ರಿಯೇಟಿವ್ ಕಾಮನ್ಸ್ (ಚಿಕ್ಕದಾಗಿ ಸಿಸಿ) ಎಂಬ ಸಂಸ್ಥೆಯ ಪರವಾನಗಿಗಳು. 2001ರಲ್ಲಿ ಹುಟ್ಟಿದ ಆ ಸಂಸ್ಥೆ ಈಗ ಬಳಕೆಯಲ್ಲಿರುವ 4.0 ಆವೃತ್ತಿಯನ್ನು 2013ರಲ್ಲಿ ಹೊರತಂದಿತು. ಆರು ಪರವಾನಗಿಗಳಿದ್ದರೂ ಕಲಿಯಬೇಕಾದದ್ದು ನಾಲ್ಕೇ ಸಂಕೇತಗಳನ್ನು: ಬಿವೈ ಎಂದರೆ ಕರ್ತೃವಿನ ಹೆಸರು ಹೇಳಬೇಕು, ಎಸ್‌ಎ ಎಂದರೆ ಕೃತಿಯನ್ನು ಮಾರ್ಪಡಿಸಿ ಹಂಚಿದರೆ ಆ ಹೊಸ ರೂಪವನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು, ಎನ್‌ಸಿ ಎಂದರೆ ವಾಣಿಜ್ಯ ಬಳಕೆ ಕೂಡದು, ಎನ್‌ಡಿ ಎಂದರೆ ಮಾರ್ಪಡಿಸಿದ ರೂಪವನ್ನು ಹಂಚಕೂಡದು. ಇವುಗಳ ಆಚೆಗೆ ಸಿಸಿ ಝೀರೊ ಎಂಬ ಘೋಷಣೆಯೂ ಇದೆ; ಅದರಲ್ಲಿ ಕರ್ತೃ ತನ್ನ ಹಕ್ಕುಗಳನ್ನು ಕಾನೂನು ಒಪ್ಪುವಷ್ಟರ ಮಟ್ಟಿಗೆ ಬಿಟ್ಟುಕೊಟ್ಟಿರುತ್ತಾರೆ.

ಮೇಲುನೋಟಕ್ಕೆ ಎನ್‌ಡಿ ಬಹಳ ಸಾಧುವಾಗಿ ಕಾಣುತ್ತದೆ. ‘ನಾವೇನೂ ಬದಲಾಯಿಸುವುದಿಲ್ಲವಲ್ಲ’ ಎಂದು ಅದನ್ನು ಒಪ್ಪಿಕೊಳ್ಳುವವರೇ ಹೆಚ್ಚು. ಆದರೆ ಕನ್ನಡದಲ್ಲಿ ಕಲಿಸುವವರಿಗೆ ಆರು ಪರವಾನಗಿಗಳಲ್ಲಿ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವುದು ಎನ್‌ಡಿ ಇರುವ ಎರಡು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅನುವಾದವೂ ಒಂದು ಮಾರ್ಪಾಡೇ. ಜಗತ್ತಿನ ಮುಕ್ತ ಸಾಮಗ್ರಿಯ ಬಹುಪಾಲು ಇಂಗ್ಲಿಷಿನಲ್ಲಿರುವಾಗ, ಹಕ್ಕಿಯ ಅಂಗಾಂಗಗಳನ್ನು ಗುರುತಿಸಿದ ಒಂದು ರೇಖಾಚಿತ್ರದ ಮೇಲಿನ ಪದಗಳನ್ನು ಅಳಿಸಿ ‘ಕೊಕ್ಕು’, ‘ರೆಕ್ಕೆ’, ‘ಕಾಲುಗುರು’ ಎಂದು ಬರೆದು ಹಂಚುವುದಕ್ಕೂ ಎನ್‌ಡಿ ಅಡ್ಡ ನಿಲ್ಲುತ್ತದೆ. 4.0 ಆವೃತ್ತಿಯಲ್ಲಿ ಅಂಥ ರೂಪಾಂತರವನ್ನು ನಮ್ಮಲ್ಲೇ ಮಾಡಿಟ್ಟುಕೊಳ್ಳಬಹುದೇ ಹೊರತು ಹಂಚುವಂತಿಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಎನ್‌ಡಿ ಸಣ್ಣ ಅಡಚಣೆಯಾದರೆ ಕನ್ನಡ ಶಾಲೆಗೆ ಅದು ಮುಚ್ಚಿದ ಬಾಗಿಲು.

ಹಕ್ಕಿಯ ಕೂಗಿನ ವಿಷಯದಲ್ಲಿ ಈ ತೊಂದರೆ ಇನ್ನೂ ಸೂಕ್ಷ್ಮ. ಪಕ್ಷಿಧ್ವನಿಗಳ ಅತಿ ಸಮೃದ್ಧ ಸಂಗ್ರಹವಾದ ಝೆನೊ-ಕ್ಯಾಂಟೊ ತಾಣದಲ್ಲಿ ಬಹುಪಾಲು ಧ್ವನಿಗಳು ಬಿವೈ-ಎನ್‌ಸಿ-ಎಸ್‌ಎ ಅಥವಾ ಬಿವೈ-ಎನ್‌ಸಿ-ಎನ್‌ಡಿ ಪರವಾನಗಿಯಲ್ಲಿವೆ. ಧ್ವನಿಮುದ್ರಣವೊಂದನ್ನು ಚಲಿಸುವ ದೃಶ್ಯದೊಂದಿಗೆ ಕಾಲಕ್ಕೆ ಸರಿಯಾಗಿ ಹೊಂದಿಸಿದರೆ ಅದನ್ನು ಯಾವಾಗಲೂ ಮಾರ್ಪಡಿಸಿದ ಕೃತಿಯೆಂದೇ ಎಣಿಸಬೇಕೆಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಪಠ್ಯದಲ್ಲಿಯೇ ಇದೆ. ಹಾಗಾಗಿ ಎನ್‌ಡಿ ಇರುವ ಕೋಗಿಲೆಯ ಕೂಗನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿಟ್ಟು ಮಕ್ಕಳಿಗೆ ಕೇಳಿಸಬಹುದು, ಪೆನ್‌ಡ್ರೈವಿನಲ್ಲಿ ಹಾಕಿ ಪಕ್ಕದ ಶಾಲೆಗೂ ಕೊಡಬಹುದು, ಆದರೆ ನಮ್ಮ ವಿಡಿಯೊದ ಹಿನ್ನೆಲೆಗೆ ಹಾಕಿ ಪ್ರಕಟಿಸುವಂತಿಲ್ಲ. ಒಂದಕ್ಷರವನ್ನೂ ಬದಲಾಯಿಸದೆ, ಒಂದು ಸೆಕೆಂಡನ್ನೂ ಕತ್ತರಿಸದೆ ಬಳಸಿದರೂ ಅಷ್ಟೇ.

ಎನ್‌ಸಿಯ ಕತೆ ಬೇರೆ. ಪ್ರಕೃತಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣದಲ್ಲಿ ಬಳಕೆದಾರರು ತಾವಾಗಿ ಬದಲಾಯಿಸದಿದ್ದರೆ ಚಿತ್ರಗಳು ಬಿವೈ-ಎನ್‌ಸಿ ಪರವಾನಗಿಯಲ್ಲಿರುತ್ತವೆ. ಶಾಲೆ ಲಾಭದ ಸಂಸ್ಥೆಯಲ್ಲವಾದ್ದರಿಂದ ಎನ್‌ಸಿ ನಮಗೆ ತಟ್ಟುವುದಿಲ್ಲ ಎಂದು ಭಾವಿಸುವುದು ಪೂರ್ತಿ ಸರಿಯಲ್ಲ; ಬಳಸುವವರು ಯಾರು ಎನ್ನುವುದಕ್ಕಿಂತ ಬಳಕೆಯ ಮುಖ್ಯ ಉದ್ದೇಶ ವಾಣಿಜ್ಯ ಲಾಭವೇ ಅಥವಾ ಹಣದ ಪ್ರತಿಫಲವೇ ಎನ್ನುವುದನ್ನು ಆ ನಿಬಂಧನೆ ನೋಡುತ್ತದೆ. ಹೊತ್ತಗೆಯನ್ನು ಮಕ್ಕಳಿಗೆ ಪುಕ್ಕಟೆ ಹಂಚಿದರೆ ಪ್ರಶ್ನೆಯೇ ಇಲ್ಲ. ಅಚ್ಚಿನ ಖರ್ಚು ಹುಟ್ಟಲೆಂದು 30 ರೂಪಾಯಿ ಬೆಲೆ ಇಟ್ಟರೆ, ಹಿಂಬದಿಯ ಪುಟದಲ್ಲಿ ಊರಿನ ಗೊಬ್ಬರದ ಅಂಗಡಿಯ ಜಾಹೀರಾತು ಹಾಕಿಸಿಕೊಂಡರೆ, ಅಥವಾ ವಿಡಿಯೊ ಹಾಕುವ ಚಾನೆಲ್ಲಿಗೆ ಜಾಹೀರಾತಿನ ಆದಾಯ ಬರುತ್ತಿದ್ದರೆ ವಾದಕ್ಕೆ ಎಡೆಯಾಗುತ್ತದೆ. ಜೆರಾಕ್ಸ್ ಅಂಗಡಿಯವನು ದುಡ್ಡು ತೆಗೆದುಕೊಂಡು ಪ್ರತಿ ಮಾಡಿಕೊಟ್ಟರೆ ಅದು ವಾಣಿಜ್ಯ ಬಳಕೆಯಾಗುತ್ತದೆಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಬಿವೈ-ಎನ್‌ಸಿ-ಎಸ್‌ಎ ಪಠ್ಯಸಾಮಗ್ರಿಯನ್ನು ಶಾಲೆಗಳ ಪರವಾಗಿ ಪ್ರತಿ ಮಾಡಿಕೊಟ್ಟ ಎರಡು ಕಂಪನಿಗಳ ಪ್ರಕರಣಗಳಲ್ಲಿ 2018 ಮತ್ತು 2019ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳು ಅದು ಪರವಾನಗಿಯ ಉಲ್ಲಂಘನೆಯಲ್ಲ ಎಂದವು. ಆ ತೀರ್ಪುಗಳಿಗೆ ನಮ್ಮ ನ್ಯಾಯಾಲಯಗಳು ಕಟ್ಟುಬಿದ್ದಿಲ್ಲವಾದರೂ ಅದರ ತರ್ಕ ಸಮಾಧಾನ ಕೊಡುವಂಥದ್ದು. ನಾನು ಇಟ್ಟುಕೊಂಡಿರುವ ನಿಯಮ ಸರಳ: ಮುಖಪುಟದ ಮೇಲೆ ಬೆಲೆ ಅಚ್ಚಾಗುವುದಾದರೆ ಎನ್‌ಸಿ ಸಾಮಗ್ರಿಗೆ ಕೈಹಾಕುವುದು ಬೇಡ.

ಎಸ್‌ಎ ಬಗ್ಗೆ ಅನಗತ್ಯವಾದ ಭಯವಿದೆ. ಎಸ್‌ಎ ಚಿತ್ರವೊಂದನ್ನು ಸೇರಿಸಿದರೆ ಇಡೀ ಹೊತ್ತಗೆಯನ್ನೇ ಬಿಟ್ಟುಕೊಡಬೇಕಾಗುತ್ತದೆ ಎಂಬ ಮಾತು ಸರಿಯಲ್ಲ. ಚಿತ್ರವನ್ನು ಹಾಗೆಯೇ ಪುಟದಲ್ಲಿಟ್ಟು ಪಕ್ಕದಲ್ಲಿ ನಮ್ಮ ಬರಹವನ್ನು ಅಚ್ಚು ಹಾಕಿದರೆ ಅದು ಸಂಕಲನ; ಚಿತ್ರದ ಪರವಾನಗಿ ಚಿತ್ರಕ್ಕೆ, ನಮ್ಮ ಬರಹದ ಹಕ್ಕು ನಮಗೆ. ಆದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿರುವ ನೀಲಕಂಠದ ಲೇಖನವನ್ನು ಅನುವಾದಿಸಿದರೆ ಆ ಅನುವಾದ ಬಿವೈ-ಎಸ್‌ಎ ಅಡಿಯಲ್ಲಿಯೇ ಹೊರಬರಬೇಕು. ಇದರಿಂದ ನಷ್ಟವೇನೂ ಇಲ್ಲ. ನಾಳೆ ಮತ್ತೊಂದು ಜಿಲ್ಲೆಯ ಶಾಲೆ ಅದೇ ಅನುವಾದವನ್ನು ಎತ್ತಿಕೊಂಡು ತಿದ್ದಿ ಬೆಳೆಸಬಹುದು. ನಿಜವಾಗಿ ಎಚ್ಚರ ಬೇಕಾದದ್ದು ಬೆರಕೆಯಲ್ಲಿ. ವಿಕಿಪೀಡಿಯದ ಬಿವೈ-ಎಸ್‌ಎ ಪಠ್ಯದ ಎರಡು ಪ್ಯಾರಾವನ್ನೂ ಬಿವೈ-ಎನ್‌ಸಿ-ಎಸ್‌ಎ ಇರುವ ಕೈಪಿಡಿಯೊಂದರ ಎರಡು ಪ್ಯಾರಾವನ್ನೂ ಕಲಸಿ ಒಂದು ಪಾಠ ಮಾಡಿದರೆ, ಎರಡು ಪರವಾನಗಿಗಳೂ ‘ನನ್ನಂತೆಯೇ ಹಂಚು’ ಎನ್ನುವುದರಿಂದ ಆ ಪಾಠವನ್ನು ಯಾವ ಪರವಾನಗಿಯಲ್ಲಿಯೂ ಹಂಚಲು ಬರುವುದಿಲ್ಲ.

ಹೀಗೆ ನೋಡಿದಾಗ ಕನ್ನಡದ ಶಾಲೆಗೆ ಮೊದಲ ಆಯ್ಕೆ ಸಿಸಿ ಝೀರೊ ಮತ್ತು ಬಿವೈ, ಅದರ ಬೆನ್ನಿಗೇ ಬಿವೈ-ಎಸ್‌ಎ. ಒಳಬಳಕೆಗೆ ಎನ್‌ಸಿ ಸಾಲುತ್ತದೆ. ಬೇರೆ ದಾರಿಯೇ ಇಲ್ಲದಾಗ ಎನ್‌ಡಿ.

ಪಂಜೆಯವರ ಹಾವು, ರಾಜರತ್ನಂ ಅವರ ನಾಯಿಮರಿ

ಹಕ್ಕಿನ ಅವಧಿ ಮುಗಿದು ಸಾರ್ವಜನಿಕ ಸ್ವತ್ತಾದ ಕೃತಿಗಳಿಗೆ ಪರವಾನಗಿಯೇ ಬೇಡ. ನಮ್ಮ ದೇಶದಲ್ಲಿ ಸಾಹಿತ್ಯಕೃತಿಯ ಹಕ್ಕು ಕರ್ತೃವಿನ ಜೀವಮಾನವಿಡೀ ಇದ್ದು, ಅವರು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ ಮುಂದುವರಿಯುತ್ತದೆ. ಮಕ್ಕಳ ಬಾಯಲ್ಲಿ ಒಂದೇ ಉಸಿರಿನಲ್ಲಿ ಬರುವ ಎರಡು ಪದ್ಯಗಳನ್ನು ನೋಡಿ. ‘ನಾಗರ ಹಾವೆ’ ಬರೆದ ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು; ಆ ಪದ್ಯವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ‘ನಾಯಿಮರಿ’ ಬರೆದ ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅದರ ಹಕ್ಕು 2039ರ ಕೊನೆಯವರೆಗೆ ಇದೆ. ತರಗತಿಯಲ್ಲಿ ಎರಡನ್ನೂ ಹಾಡಿಸಬಹುದು, ಆದರೆ ಮಾರಾಟಕ್ಕಿರುವ ಶಿಶುಗೀತೆಗಳ ಪುಸ್ತಕದಲ್ಲಿ ಎರಡಕ್ಕೂ ಒಂದೇ ನ್ಯಾಯವಲ್ಲ. ಹಳೆಯದಾಗಿ ಕೇಳಿಸುವುದೆಲ್ಲ ಹಳೆಯದಲ್ಲ.

ಅವಧಿ ಮುಗಿಯುವ ಮೊದಲೇ ಹಕ್ಕುದಾರರು ಬಾಗಿಲು ತೆರೆದ ಉದಾಹರಣೆಗಳೂ ಕನ್ನಡದಲ್ಲಿವೆ. 1992ರಲ್ಲಿ ತೀರಿಕೊಂಡ ಕಾದಂಬರಿಕಾರ ನಿರಂಜನರ ಕೃತಿಗಳ ಹಕ್ಕು 2052ರವರೆಗೆ ಇದೆ. ಅವರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ತಂದೆಯ 55 ಪುಸ್ತಕಗಳನ್ನು ಬಿವೈ-ಎಸ್‌ಎ 4.0 ಪರವಾನಗಿಯಡಿ ಬಿಡುಗಡೆ ಮಾಡಿದರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಡಿಸಿತು. ಅದರ ಲೇಖನಗಳು ಮುಕ್ತ ಪಠ್ಯಗಳ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತವೆ. ಪಠ್ಯೇತರ ಓದಿಗೆ ಸಾಮಗ್ರಿ ಹುಡುಕುವ ಗ್ರಂಥಪಾಲಕರು ಮೊದಲು ನೋಡಬೇಕಾದ ಜಾಗಗಳು ಇವು.

ಇಂಟರ್‌ನೆಟ್ ಆರ್ಕೈವ್‌ನ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಅಲ್ಲಿ ಸ್ಕ್ಯಾನ್ ಆಗಿರುವ ಕನ್ನಡ ಪುಸ್ತಕಗಳಲ್ಲಿ ಹಕ್ಕಿನ ಅವಧಿ ಇನ್ನೂ ಮುಗಿಯದವು ಎಷ್ಟೋ ಇವೆ. ಅಲ್ಲಿ ಸಿಕ್ಕಿತು ಎಂಬುದು ಮುಕ್ತವಾಗಿದೆ ಎಂಬುದಕ್ಕೆ ಪುರಾವೆಯಾಗದು. ಸಂಗೀತದಲ್ಲಿಯೂ ಎರಡು ಪದರಗಳಿವೆ. ಪುರಂದರದಾಸರ ಪದದ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಹಾಡಿದ ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ಹಕ್ಕಿರುತ್ತದೆ. ವಿಡಿಯೊಗೆ ದಾಸರ ಪದ ಬೇಕೆಂದರೆ ಶಾಲೆಯ ಮಕ್ಕಳೇ ಹಾಡಿದ್ದನ್ನು ಮುದ್ರಿಸಿಕೊಳ್ಳುವುದು ಎಲ್ಲಕ್ಕಿಂತ ನಿರಾಳ, ಕೇಳಲೂ ಚೆನ್ನ.

ಎಲ್ಲಿ ಹುಡುಕುವುದು

ಚಿತ್ರಗಳಿಗೆ ನಾನು ಮೊದಲು ಸೂಚಿಸುವುದು ವಿಕಿಪೀಡಿಯದ ಸೋದರ ತಾಣವಾದ ವಿಕಿಮೀಡಿಯ ಕಾಮನ್ಸ್. ಎನ್‌ಸಿ, ಎನ್‌ಡಿ ನಿಬಂಧನೆಯ ಚಿತ್ರಗಳನ್ನು ಅಲ್ಲಿ ಸೇರಿಸಿಕೊಳ್ಳುವುದೇ ಇಲ್ಲವಾದ್ದರಿಂದ ಮೇಲೆ ಹೇಳಿದ ತಲೆನೋವುಗಳಲ್ಲಿ ಅರ್ಧ ಅಲ್ಲಿಯೇ ಕಳೆಯುತ್ತದೆ. ಚಿಕ್ಕ ಮಕ್ಕಳ ಕತೆಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಇದೆ. ಅಲ್ಲಿನ ಕತೆಗಳು ಬಿವೈ 4.0 ಪರವಾನಗಿಯಲ್ಲಿದ್ದು, ಕನ್ನಡದಲ್ಲಿಯೇ ಓದಬಹುದು, ಇನ್ನೊಂದು ಭಾಷೆಯಿಂದ ನಾವೇ ಅನುವಾದಿಸಬಹುದು, ಅಚ್ಚು ಹಾಕಿಸಿ ಓದುವ ಮೂಲೆಯಲ್ಲಿ ತೂಗುಹಾಕಬಹುದು. ಇಳಿಸಿಕೊಂಡ ಪ್ರತಿಯ ಕೊನೆಯಲ್ಲಿ ಬರೆದವರ, ಚಿತ್ರ ಬಿಡಿಸಿದವರ ವಿವರ ತಾನಾಗಿಯೇ ಬಂದಿರುತ್ತದೆ. ಕಾಗದ ಉಳಿಸಲೆಂದು ಆ ಪುಟವನ್ನು ಬಿಟ್ಟು ಮುದ್ರಿಸುವ ಅಭ್ಯಾಸವೊಂದನ್ನು ಮಾತ್ರ ಬಿಡಬೇಕು. ಕೇಂದ್ರ ಸರ್ಕಾರ 2013ರಲ್ಲಿ ತೆರೆದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ರಾಷ್ಟ್ರೀಯ ಭಂಡಾರ ಬಿವೈ-ಎಸ್‌ಎಯನ್ನು ತನ್ನ ಮೂಲ ಪರವಾನಗಿಯಾಗಿ ಆರಿಸಿಕೊಂಡಿತು.

ಪುಕ್ಕಟೆ ಚಿತ್ರಗಳು ಸಿಗುವ ಪಿಕ್ಸಬೇ ಮತ್ತು ಅನ್‌ಸ್ಪ್ಲಾಶ್ ತಾಣಗಳನ್ನು ಹಲವರು ಇಂದಿಗೂ ಸಿಸಿ ಝೀರೊ ಎಂದೇ ತಿಳಿದಿದ್ದಾರೆ. ಅನ್‌ಸ್ಪ್ಲಾಶ್ 2017ರಲ್ಲಿ, ಪಿಕ್ಸಬೇ 2019ರಲ್ಲಿ ತಮ್ಮದೇ ಪರವಾನಗಿಗಳಿಗೆ ಬದಲಾದವು. ಶಾಲೆಯ ಭಿತ್ತಿಪತ್ರಕ್ಕೆ ಅವು ಈಗಲೂ ಧಾರಾಳವಾಗಿಯೇ ಇವೆ, ಆದರೆ ಆ ಚಿತ್ರಗಳನ್ನು ನಮ್ಮ ಮುಕ್ತ ಹೊತ್ತಗೆಯಲ್ಲಿ ಸೇರಿಸಿ ‘ಇಲ್ಲಿರುವುದೆಲ್ಲ ಬಿವೈ’ ಎಂದು ಘೋಷಿಸುವ ಅಧಿಕಾರ ನಮಗಿಲ್ಲ. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳು ಪುಕ್ಕಟೆ ಇಳಿಸಿಕೊಳ್ಳಲು ಸಿಗುತ್ತವಾದರೂ ಅವು ಹಕ್ಕು ಕಾಯ್ದಿರಿಸಿದ ಪ್ರಕಟಣೆಗಳು. ಸರ್ಕಾರಿ ಕೃತಿಗಳಿಗೂ ನಮ್ಮಲ್ಲಿ ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳ ಹಕ್ಕಿದೆ. ಅಮೆರಿಕದ ನಾಸಾದ ಚಿತ್ರಗಳು ಸಾಮಾನ್ಯವಾಗಿ ಹಕ್ಕುಮುಕ್ತವಾಗಿರುವುದನ್ನು ಕಂಡು ಇಲ್ಲಿಯ ಇಲಾಖೆಗಳ ಚಿತ್ರಗಳೂ ಹಾಗೆಯೇ ಎಂದುಕೊಳ್ಳುವುದು ತಪ್ಪು. ಅಚ್ಚಿಗೆ ಅಕ್ಷರವಿನ್ಯಾಸ ಬೇಕಾದವರಿಗೆ ನೋಟೊ ಮತ್ತು ಲೋಹಿತ್ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯಲ್ಲಿಯೇ ಸಿಗುತ್ತವೆ.

ಯಾವ ತಾಣವಾದರೂ ಏರಿಸಿದವರೇ ನಿಜವಾದ ಹಕ್ಕುದಾರರೇ ಎಂಬ ಅನುಮಾನ ಸ್ವಲ್ಪ ಇರಬೇಕು. ಸಿನಿಮಾ ಪೋಸ್ಟರೊಂದನ್ನು ಸ್ಕ್ಯಾನ್ ಮಾಡಿ ‘ಸ್ವಂತ ಕೃತಿ’ ಎಂದು ಬಿವೈ ಅಂಟಿಸಿದರೆ ಪೋಸ್ಟರು ಮುಕ್ತವಾಗುವುದಿಲ್ಲ. ಚಿತ್ರದ ಮೂಲಕವೇ ಚಿತ್ರ ಹುಡುಕುವ ಸೌಲಭ್ಯದಲ್ಲಿ ಎರಡು ನಿಮಿಷ ನೋಡಿದರೆ ಇಂಥವು ಬಹುಪಾಲು ಬಯಲಾಗುತ್ತವೆ.

ಹೆಸರು ಹೇಳುವ ಬಗೆ

ನಮ್ಮ ವಾರ್ಷಿಕ ಸಂಚಿಕೆಗಳಲ್ಲಿ ‘ಚಿತ್ರ ಕೃಪೆ: ಇಂಟರ್‌ನೆಟ್’ ಎಂಬ ಸಾಲು ಎಷ್ಟು ಬೇರೂರಿದೆಯೆಂದರೆ ಅದನ್ನೇ ಸೌಜನ್ಯವೆಂದು ಮಕ್ಕಳು ಕಲಿಯುತ್ತಿದ್ದಾರೆ. ಸಾಲ ಕೊಟ್ಟವರು ಯಾರೆಂದು ಕೇಳಿದರೆ ‘ಊರಿನವರು’ ಎಂದಂತಾಯಿತು. ಬಿವೈ ಕೇಳುವುದು ಕರ್ತೃವಿನ ಹೆಸರು, ಸಿಕ್ಕಿದ ಜಾಗ, ಪರವಾನಗಿಯ ಹೆಸರು ಮತ್ತು ಆವೃತ್ತಿ, ಬದಲಾಯಿಸಿದ್ದರೆ ಅದರ ಉಲ್ಲೇಖ. ಕೃತಿಗೊಂದು ಶೀರ್ಷಿಕೆ ಇದ್ದರೆ ಅದನ್ನೂ ಹೇಳುವುದು ಒಳ್ಳೆಯದು. ‘ನೀಲಕಂಠ. ಛಾಯಾಚಿತ್ರ: ಇಂಥವರು. ವಿಕಿಮೀಡಿಯ ಕಾಮನ್ಸ್. ಸಿಸಿ ಬಿವೈ-ಎಸ್‌ಎ 4.0. ಅಂಚು ಕತ್ತರಿಸಲಾಗಿದೆ’ ಎಂಬ ಒಂದು ಸಾಲು ಸಾಕು. ಚಿತ್ರದ ಕೆಳಗೆ ಜಾಗವಿಲ್ಲದಿದ್ದರೆ ಕೊನೆಯ ಪುಟದಲ್ಲಿ ಪುಟಸಂಖ್ಯೆಯೊಂದಿಗೆ ಒಟ್ಟಿಗೆ ಕೊಡಬಹುದು. ವಿಡಿಯೊದಲ್ಲಾದರೆ ಮುಕ್ತಾಯದಲ್ಲಿಯೂ ವಿವರಣೆಯಲ್ಲಿಯೂ ಹಾಕಬೇಕು. ಹೆಸರು ಬಿಟ್ಟುಹೋದರೆ 4.0 ಆವೃತ್ತಿಯಲ್ಲಿ ಒಂದು ಸಮಾಧಾನವಿದೆ: ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಕಳೆದುಹೋದ ಅನುಮತಿ ತಾನಾಗಿಯೇ ಮರಳುತ್ತದೆ.

ಚಿತ್ರದಲ್ಲಿ ಮಗುವಿನ ಮುಖ ಕಾಣುತ್ತಿದ್ದರೆ ಪರವಾನಗಿ ಅರ್ಧ ಉತ್ತರ ಮಾತ್ರ. ಛಾಯಾಗ್ರಾಹಕರು ತಮ್ಮ ಹಕ್ಕನ್ನು ಬಿಟ್ಟುಕೊಡಬಲ್ಲರು, ಮಗುವಿನ ಖಾಸಗಿತನವನ್ನಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ನಮ್ಮದೇ ಮಕ್ಕಳು ಬಿಡಿಸಿದ ಚಿತ್ರಗಳಿಗೂ ಇದೇ ಎಚ್ಚರ ಸಲ್ಲಬೇಕು: ಮಗು ಬಿಡಿಸಿದ ಗುಬ್ಬಚ್ಚಿಯ ಹಕ್ಕು ಮಗುವಿನದು; ಶಾಲೆ ಅದನ್ನು ಬಿವೈ ಎಂದು ಪ್ರಕಟಿಸುವ ಮೊದಲು ಪೋಷಕರ ಸಹಿ ಪಡೆಯಬೇಕು, ಬಿವೈ ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದ್ದು ಎಂದು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಶಿಕ್ಷಕರು ಕೆಲಸದ ಭಾಗವಾಗಿ ತಯಾರಿಸಿದ ಪಾಠಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಾನೂನಿನ ಪ್ರಕಾರ ಮೊದಲ ಒಡೆಯ ಉದ್ಯೋಗದಾತನೇ; ಮುಕ್ತ ಪರವಾನಗಿ ಹಾಕುವ ಮುಂಚೆ ಮೇಲಿನವರಿಂದ ಒಂದು ಸಾಲಿನ ಲಿಖಿತ ಒಪ್ಪಿಗೆ ಇರಲಿ.

ಗ್ರಂಥಾಲಯದ ಕಡೆಯಿಂದ

ಗ್ರಂಥಪಾಲಕರಿಗೆ ಕಾನೂನು ಎರಡು ಪ್ರತ್ಯೇಕ ಅವಕಾಶಗಳನ್ನು ಕೊಟ್ಟಿದೆ. ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಕಾಗದದ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇರಿಸಿಕೊಳ್ಳಬಹುದು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ತನ್ನ ಬಳಕೆಗಾಗಿ ಮಾಡಿಕೊಳ್ಳಬಹುದು. ಗೆದ್ದಲು ಹಿಡಿದ ಹಳೆಯ ಸಂಪುಟವನ್ನು ಉಳಿಸಲು ಇದು ಸಾಕು, ಆದರೆ ಆ ಸ್ಕ್ಯಾನನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಲು ಸಾಲದು. ಹಂಚುವ ಉದ್ದೇಶವಿದ್ದರೆ ಸಾರ್ವಜನಿಕ ಸ್ವತ್ತಾದ ಕೃತಿಗಳಿಂದಲೇ ಕೆಲಸ ಶುರು ಮಾಡಿ, ಉಳಿದವಕ್ಕೆ ಹಕ್ಕುದಾರರ ಮನೆಯವರಿಗೆ ಒಂದು ಪತ್ರ ಬರೆಯುವುದು ಒಳ್ಳೆಯದು. ಕೇಳಿದರೆ ಸಂತೋಷದಿಂದ ಒಪ್ಪುವ ಕುಟುಂಬಗಳೂ ಇವೆ ಎಂಬುದಕ್ಕೆ ನಿರಂಜನರ ಪುಸ್ತಕಗಳು ಸಾಕ್ಷಿ.

ಹೊತ್ತಗೆಯ ಕೆಲಸ ಆರಂಭವಾದ ದಿನವೇ ಪುಸ್ತಕಗಳ ದಾಖಲಾತಿ ವಹಿಯ ಪಕ್ಕದಲ್ಲಿ ಇನ್ನೊಂದು ನೋಟ್‌ಬುಕ್ ಇಡಿ. ಪ್ರತಿಯೊಂದು ಚಿತ್ರಕ್ಕೂ ಧ್ವನಿಗೂ ಕರ್ತೃ, ವಿಳಾಸ, ಪರವಾನಗಿ, ಇಳಿಸಿಕೊಂಡ ದಿನಾಂಕ, ಮಾಡಿದ ಬದಲಾವಣೆ ಎಂದು ಐದು ಅಂಕಣಗಳಿರಲಿ, ಜೊತೆಗೆ ಪರವಾನಗಿ ಕಾಣುವಂತೆ ಆ ಪುಟದ ಸ್ಕ್ರೀನ್‌ಶಾಟನ್ನು ಪೆನ್‌ಡ್ರೈವಿನಲ್ಲಿ ಉಳಿಸಿ. ಛಾಯಾಗ್ರಾಹಕರು ಮುಂದೆ ತಮ್ಮ ಪುಟದಲ್ಲಿ ಬಿವೈ ತೆಗೆದು ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂದು ಬದಲಾಯಿಸಬಹುದು. ನಾವು ಇಳಿಸಿಕೊಂಡ ದಿನ ಸಿಕ್ಕಿದ್ದ ಅನುಮತಿ ಅದರಿಂದ ರದ್ದಾಗುವುದಿಲ್ಲ, ಆದರೆ ಆ ದಿನ ಅಲ್ಲಿ ಬಿವೈ ಎಂದೇ ಇತ್ತು ಎಂದು ತೋರಿಸಬೇಕಾದವರು ನಾವು.